ಎರಡು ಕೆಜಿ
ಇವತ್ತು ಸಂಜೆ ವಿರಾಜಪೇಟೆ ಹತ್ತಿರದ ನಮ್ಮ ತೋಟದಲ್ಲಿ ಕಾಫಿ ಹಣ್ಣು ತೂಗುತ್ತಿದ್ದೆ. ಒಬ್ಬ ಅಕ್ಕನ ಚೀಲ 62 ಕೆಜಿ ಬಂತು. ಪುಸ್ತಕದಲ್ಲಿ 60 ಅಂತ ಬರೆಯಲು ಹೊರಟೆ. ಎಲೆ, ಕಡ್ಡಿ ಲೆಕ್ಕ ಅನ್ನೋ ನೆಪ ಇತ್ತಲ್ಲ! ಅಕ್ಕ ತಕ್ಕಡಿ ಕಡೆ ನೋಡಿರಲೇ ಇಲ್ಲ. ಆದರೂ ಯಾಕೋ ಕೈ ತಡೆಯಿತು. 62 ಅಂತಲೇ ಬರೆದೆ.

ಚಿಕ್ಕವನಿದ್ದಾಗ ದೇವರ ಭಯ ಅಂದರೆ ಬೆತ್ತದ ಭಯ ಅಂದುಕೊಂಡಿದ್ದೆ. ಬೈಬಲ್ಲಿನ 130ನೇ ಕೀರ್ತನೆ ಬೇರೆಯೇ ಹೇಳುತ್ತದೆ. ದೇವರು ಕ್ಷಮಿಸುತ್ತಾನೆ, ಅದಕ್ಕೇ ಅವನಲ್ಲಿ ಭಯಭಕ್ತಿ ಅಂತ. ಕ್ಷಮಿಸುವವನಿಗೆ ಹೆದರೋದು ವಿಚಿತ್ರ ಅಲ್ವಾ? ನನಗೆ ಅರ್ಥವಾಗಲು 40 ವರ್ಷ ಬೇಕಾಯಿತು, ಅದೂ ಅರ್ಧಂಬರ್ಧ.

ಹೋದ ವರ್ಷದ ಲೆಕ್ಕದ ಪುಸ್ತಕ ಇನ್ನೂ ಕಪಾಟಿನಲ್ಲಿದೆ. ನಾಳೆ ತೆಗೆದು ನೋಡಬೇಕು.