ಹತ್ತು ಸಾವಿರ ರೊಟ್ಟಿ, ಒಂದು ಖಣ

ಶ್ರೀಶೈಲದ ಮಲ್ಲಯ್ಯನ ಹಾದಿಯ ದಾಸೋಹಕ್ಕೆ ಖಡಕ್ ರೊಟ್ಟಿ ಹೇರಿಕೊಂಡು ಹೊರಟ ಗಾಡಿಯ ಡ್ರೈವರನಿಗೆ ನಾನು ಒಂದೇ ಮಾತು ಹೇಳುವುದು: "ತಮ್ಮಾ, ಹಂಪ್ ಕಂಡಲ್ಲಿ ಮಲ್ಲಯ್ಯನ್ನ ನೆನಿ, ಬ್ರೇಕ್ ಹಾಕು." ಮೊದಲ ಸಲ ಹೇಳಲು ಮರೆತಿದ್ದೆ. ಮುದಗಲ್ಲು ದಾಟುವಷ್ಟರಲ್ಲಿ ಮುನ್ನೂರು ರೊಟ್ಟಿ ಪುಡಿಯಾಗಿದ್ದವು. ದಾಸೋಹದವರು ಆ ಪುಡಿಯನ್ನು ಮಜ್ಜಿಗೆಯಲ್ಲಿ ಕಲಸಿ, ಉಳ್ಳಾಗಡ್ಡಿ ಹೆಚ್ಚಿ ಹಾಕಿ ಬಡಿಸಿದರು. ಜನ ಇನ್ನಷ್ಟು ನೀಡಿರಿ ಅಂತ ಕೇಳಿ ಉಂಡರು. ಆದರೂ ಮುರಿದ ರೊಟ್ಟಿ ನೋಡಿದರೆ ಬಡಿದವರ ಹೊಟ್ಟೆ ಚುರ್ ಅನ್ನುತ್ತದೆ.

2024ರ ಏಪ್ರಿಲ್ 5ರ ನಸುಕು. ಯುಗಾದಿಗೆ ನಾಲ್ಕು ದಿನ ಉಳಿದಿತ್ತು. ಹುನಗುಂದದ ಹತ್ತಿರದ ನಮ್ಮೂರಿಂದ ಹತ್ತು ಸಾವಿರ ರೊಟ್ಟಿ, ಎರಡು ಡಬ್ಬಿ ಶೇಂಗಾ ಚಟ್ನಿ, ಒಂದು ಚೀಲ ಗುರೆಳ್ಳು ಪುಡಿ ಹೊತ್ತು ಟೆಂಪೊ ಹೊರಟಿತು. ನನ್ನ ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ನೀರಿನ ಬಾಟಲಿ, ಹಳೆ ಟವೆಲಿನಲ್ಲಿ ಸುತ್ತಿದ ಒಂದು ಗುಳೇದಗುಡ್ಡ ಖಣ, ಅಂದರೆ ಕುಪ್ಪಸದ ಬಟ್ಟೆ. ಖಣದ ವಿಷಯ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಯುಗಾದಿ ಹತ್ತಿರ ಬಂತೆಂದರೆ ನಮ್ಮ ಕಡೆಯ ರಸ್ತೆಗಳಲ್ಲಿ ಶ್ರೀಶೈಲಕ್ಕೆ ನಡೆಯುವವರದೇ ಸಾಲು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯವರು ಹತ್ತು ಹದಿನೈದು ದಿನ ಮೊದಲೇ ಊರು ಬಿಟ್ಟಿರುತ್ತಾರೆ. ಹೆಗಲ ಮೇಲೆ ಸಿಂಗರಿಸಿದ ಕಂಬಿ, ಬಾಯಲ್ಲಿ "ಉಘೇ ಮಲ್ಲಯ್ಯ". ಮರಗಾಲು ಕಟ್ಟಿಕೊಂಡು ಅಷ್ಟೂ ದೂರ ನಡೆಯುವ ಗಂಡುಮಕ್ಕಳೂ ಇದ್ದಾರೆ. ಹಾದಿಯುದ್ದಕ್ಕೂ ಪೆಂಡಾಲು: ಒಂದರಲ್ಲಿ ಪುಂಡಿಪಲ್ಯ, ಒಂದರಲ್ಲಿ ಕಲ್ಲಂಗಡಿ, ಇನ್ನೊಂದರಲ್ಲಿ ಗುರುತು ಪರಿಚಯ ಇಲ್ಲದವರ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವ ಹುಡುಗರು. ನನಗೆ ಹದಿನೈದು ದಿನ ಅಂಗಡಿ ಬಿಟ್ಟು ನಡೆಯುವುದು ಆಗದ ಮಾತು. ಹಾಗಾಗಿ ಆತ್ಮಕೂರಿನ ತನಕ ಗಾಡಿ, ಅಲ್ಲಿಂದ ಮುಂದೆ ಅಡವಿಯ ಹಾದಿ ಕಾಲ್ನಡಿಗೆ ಅಂತ ನಿಶ್ಚಯ ಮಾಡಿದ್ದೆ.

ಅಂಗಡಿ ಅಂದೆನಲ್ಲ, ಅದರ ಕಥೆ ಹೇಳದೆ ಈ ಪ್ರವಾಸ ಅರ್ಥವಾಗುವುದಿಲ್ಲ.

ನನ್ನ ಗಂಡ ತೀರಿಕೊಂಡದ್ದು 2017ರಲ್ಲಿ, ಹೊಲದಲ್ಲಿ, ತಾನಾಗಿಯೇ. ಹಿಂದಿನ ವರ್ಷ ಬರ. ಆ ವರ್ಷ ತೊಗರಿ ಬಂತು, ದರ ನೆಲ ಕಚ್ಚಿತು. ಕೈಸಾಲ ಎಷ್ಟಿತ್ತೆಂದು ಅವರು ಹೋದ ಮೇಲೆ ಬಾಗಿಲಿಗೆ ಬಂದವರಿಂದ ನನಗೆ ತಿಳಿಯಿತು. ರೈತ ಹೀಗೆ ಸತ್ತರೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಕೊಡುತ್ತದೆ, ಹೌದು. ನಮ್ಮ ಪಹಣಿ ಮಾವನ ಹೆಸರಲ್ಲಿತ್ತು, ಸಾಲಕ್ಕೆ ಕಾಗದವೇ ಇರಲಿಲ್ಲ. ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಓಡಾಡಿ ತಿರುಗಿ ಬಂತು. ಆ ಮಾತು ಇಲ್ಲಿಗೇ ಸಾಕು.

ಅವರನ್ನು ಮೊದಲು ನೋಡಿದವಳು ನಾನು. ಆ ಸಂಜೆ ಹೊಲದಲ್ಲಿದ್ದ, ಬೆಳೆಗೆ ಹೊಡೆಯುವ ಔಷಧದ ವಾಸನೆ ಮೂಗಿನಲ್ಲಿ ಮನೆ ಮಾಡಿತು. ಹತ್ತಿ ಹೊಲದ ಬದುವಿನಲ್ಲಿ ಹೋದರೆ ಮೈ ನಡುಗುತ್ತಿತ್ತು. ದೀಪ ಹಚ್ಚುವ ಹೊತ್ತಾದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಗಾಳಿ ಸೋಕಿದೆ ಅಂತ ಅತ್ತೆ ತಾಯಿತ ಕಟ್ಟಿಸಿದರು, ತಮ್ಮ ಬಂದು ಬಾಗಲಕೋಟೆಗೆ ಡಾಕ್ಟರ ಹತ್ತಿರ ಕರೆದೊಯ್ದ. ಎರಡು ವರ್ಷ ಮಾತ್ರೆ ತಿಂದೆ. ಮಲ್ಲಯ್ಯನನ್ನೂ ನಂಬಿದೆ. ಯಾವುದರಿಂದ ಎಷ್ಟು ಗುಣವಾಯಿತು ಅಂತ ನಾನು ತಕ್ಕಡಿ ಹಿಡಿದು ಕೂತಿಲ್ಲ. ದೇವರಿದ್ದಾನೆ, ಗುಳಿಗೆ ಯಾಕ ಅನ್ನುವವರ ಮಾತನ್ನು ಮಾತ್ರ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತೇನೆ.

ಮರುವರ್ಷ ಯುಗಾದಿಗೆ ಮುಂಚೆ ಶ್ರೀಶೈಲದ ಹಾದಿಯ ದಾಸೋಹಕ್ಕೆ ನಮ್ಮೂರಲ್ಲಿ ರೊಟ್ಟಿ ಕೂಡಿಸುತ್ತಿದ್ದರು. ಮನೆಗೆ ಐವತ್ತು. ನಮ್ಮ ಮನೆಯನ್ನು ದಾಟಿ ಹೋಗುತ್ತಾರೆಂದೇ ನಾನು ಬಾಗಿಲು ಮುಂದೆ ಮಾಡಿಕೊಂಡು ಒಳಗಿದ್ದೆ. ಹಿಟ್ಟಿನ ಚೀಲ ಹೊತ್ತಿದ್ದ ಅಜ್ಜ ಬಾಗಿಲು ಬಡಿದು, "ಏನವ್ವಾ, ನಿಮ್ಮ ಮನಿ ಐವತ್ತು ಯಾವಾಗ ಒಯ್ಯಲಿ?" ಅಂದ. ಕರುಣೆಯ ಮಾತಿಲ್ಲ, ಸಮಾಧಾನದ ಮಾತಿಲ್ಲ. ಎಲ್ಲರ ಮನೆಯಲ್ಲಿ ಕೇಳಿದಂತೆಯೇ ಕೇಳಿದ.

ಅವತ್ತು ಒಲೆ ಹೊತ್ತಿಸಿ ಎಸರಿಟ್ಟೆ. ಹಿಟ್ಟಿಗೆ ಕುದಿನೀರು ಹೊಯ್ದು, ಬೆರಳು ಸುಡುವಾಗಲೇ ನಾದಿದರೆ ಜಿಗಿ ಬರುತ್ತದೆ. ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಅಂಗೈಯಿಂದ ತಟ್ಟುತ್ತ ತಿರುಗಿಸುತ್ತ ಹೋಗಬೇಕು. ಕೈ ನಿಂತರೆ ಅಂಚು ಸೀಳುತ್ತದೆ. ಪಟ್ ಪಟ್ ಪಟ್ ಆ ಸಪ್ಪಳ ನನಗೆ ಹುಟ್ಟಿದಾಗಿನಿಂದ ಗೊತ್ತು, ಅವತ್ತು ಮಾತ್ರ ಅದನ್ನು ಕೇಳಿದೆ. ಮೂವತ್ತನೆಯದೋ ನಲವತ್ತನೆಯದೋ ರೊಟ್ಟಿ ಹಂಚಿನ ಮೇಲಿದ್ದಾಗ ಹೊರಗೆ ನೋಡಿದರೆ ಕತ್ತಲಾಗಿತ್ತು. ದೀಪ ಹಚ್ಚುವ ಹೊತ್ತು ನನಗೆ ಗೊತ್ತಾಗದೆ ದಾಟಿ ಹೋಗಿತ್ತು. ಐವತ್ತರ ಜಾಗದಲ್ಲಿ ನೂರು ಬಡಿದೆ.

ಆ ರೊಟ್ಟಿ ತಿಂದ ಇಳಕಲ್ಲಿನ ಖಾನಾವಳಿಯವರೊಬ್ಬರು ಊರು ಕೇಳಿಕೊಂಡು ಬಂದರು. ದಿನಕ್ಕೆ ಅರವತ್ತು ರೊಟ್ಟಿಯಿಂದ ಸುರು. ಸ್ವಸಹಾಯ ಸಂಘದಲ್ಲಿ ಹತ್ತು ಸಾವಿರ ಸಾಲ ತೆಗೆದೆ. ಆಹಾರ ಸುರಕ್ಷತೆಯ ನೋಂದಣಿಗೆ ಆಗ ವರ್ಷಕ್ಕೆ 100 ರೂಪಾಯಿ. ಇಷ್ಟು ಸೋವಿಯಾದ ಸರ್ಕಾರಿ ಕಾಗದ ಇನ್ನೊಂದಿಲ್ಲ. ತರಬೇತಿಗೆ ಕರೆದಿದ್ದರು. ಹಿಟ್ಟು ಮುಟ್ಟುವ ಮೊದಲು ಬಳೆ, ಉಂಗುರ ತೆಗೆದಿಡಬೇಕು ಅಂತ ಮೇಡಂ ಹೇಳಿದಾಗ ಹೆಣ್ಣುಮಕ್ಕಳೆಲ್ಲ ಗಲಗಲ ಬಳೆ ಬಿಚ್ಚಿದರು. ನನಗೆ ಬಿಚ್ಚಲು ಏನೂ ಇರಲಿಲ್ಲ. ಕೈ ತೊಡೆಯ ಮೇಲಿಟ್ಟು ಕೂತಿದ್ದೆ.

ಈಗ ಹನ್ನೊಂದು ಮಂದಿ ಬಡಿಯುತ್ತೇವೆ. ಕೇಂದ್ರದ ಕಿರು ಆಹಾರ ಉದ್ದಿಮೆ ಯೋಜನೆಯಲ್ಲಿ ಸಾಲ ತೆಗೆದರೆ ಒಟ್ಟು ಖರ್ಚಿನ 35 ಪರ್ಸೆಂಟ್ ಸಬ್ಸಿಡಿ ಇತ್ತು. ಅದರಲ್ಲಿ ಹಿಟ್ಟು ನಾದುವ ಯಂತ್ರ ತಂದೆ. ರೊಟ್ಟಿ ಒತ್ತುವ ಯಂತ್ರ ತರಲಿಲ್ಲ. ಅದರ ರೊಟ್ಟಿ ತಟ್ಟೆಯಷ್ಟು ದುಂಡಗೆ ಬರುತ್ತದೆ, ಬಾಯಲ್ಲಿ ಹಪ್ಪಳದಂತೆ. ಹಾಗಂತ ನನ್ನ ವ್ಯಾಪಾರ ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬುತ್ತಲೇ ಹೋಯಿತು ಅಂದುಕೊಳ್ಳಬೇಡಿ. ಲಾಕ್‌ಡೌನಿನಲ್ಲಿ ಖಾನಾವಳಿ ಮುಚ್ಚಿ ಮೂರು ತಿಂಗಳು ಒಲೆ ಆರಿತ್ತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ಕ್ಕೆ ಬರ ಅಂತ ಸಾರಿದರು. ಬಿಳಿಜೋಳದ ದರ ಏರಿ, ರೊಟ್ಟಿಗೆ ಒಂದು ರೂಪಾಯಿ ಹೆಚ್ಚು ಮಾಡಿದ್ದಕ್ಕೆ ಎರಡು ಗಿರಾಕಿ ಬಿಟ್ಟುಹೋದರು.

ಒಂದು ಮಾತು ಮಾತ್ರ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಸುತ್ತಲ ಊರಿನ ಸೀಮಂತದ ಬುತ್ತಿಗೆ ನನ್ನ ರೊಟ್ಟಿಯೇ ಬೇಕು. ಉಡಿ ತುಂಬುವಾಗ ನಾನು ಬೇಡ. ಯಾರೂ ಹೋಗು ಅನ್ನುವುದಿಲ್ಲ. ಬಾ ಅಂತಲೂ ಅನ್ನುವುದಿಲ್ಲ. ನಾನೇ ತಿಳಿದು ಹಿತ್ತಲಿಗೆ ಹೋಗಿ ಪಾತ್ರೆ ಎಣಿಸುತ್ತೇನೆ.

ಇನ್ನು ಹಾದಿಗೆ ಬರೋಣ. ರಾಯಚೂರಿನ ಬಿಸಿಲು ಗೊತ್ತಲ್ಲ, ಮಧ್ಯಾಹ್ನ ಅಲ್ಲಿ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಊರಾಚೆ ಒಂದು ಪೆಂಡಾಲಿನ ಮುಂದೆ ಗಾಡಿ ನಿಲ್ಲಿಸಿ ಇಳಿದೆ. ನಡೆದು ಬರುವವರ ಮೈ ತಂಪಾಗಲೆಂದು ಒಬ್ಬ ಹುಡುಗ ನೀರು ಸಿಂಪಡಿಸುತ್ತಿದ್ದ. ಬೆನ್ನಿಗೆ ಹಾಕಿಕೊಂಡಿದ್ದು ಬೆಳೆಗೆ ಔಷಧ ಹೊಡೆಯುವ ಪಂಪು. ನೀಲಿ ಡಬ್ಬ, ಎಡಗೈಯಲ್ಲಿ ಹಿಡಿಕೆ ಕಿರ್ರ್ ಕಿರ್ರ್, ಬಲಗೈಯಲ್ಲಿ ಉದ್ದ ನಳಿಗೆ. ಜನ ನಗುತ್ತ ಮುಖವೊಡ್ಡುತ್ತಿದ್ದರು. ಆತ ನನ್ನ ಕಡೆ ತಿರುಗಿದ.

ಎಷ್ಟು ತೊಳೆದರೂ ಆ ಪಂಪಿನ ವಾಸನೆ ಪೂರಾ ಹೋಗುವುದಿಲ್ಲ. ಅಥವಾ ಅದು ನನ್ನ ಮೂಗಿನಲ್ಲೇ ಇತ್ತೋ. ಕಣ್ಣು ಕತ್ತಲೆಯಾಯಿತು, ಟೆಂಪೊದ ಚಕ್ರಕ್ಕೆ ಒರಗಿ ಕುಕ್ಕರಿಸಿದೆ. ಏಳು ವರ್ಷ ಆಯಿತು, ಎಲ್ಲ ದಾಟಿದೆ ಅಂದುಕೊಂಡವಳು ಮತ್ತೆ ಅದೇ ಬದುವಿನ ಮೇಲಿದ್ದೆ. ಪಕ್ಕದಲ್ಲಿ ಕಾಲಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ ಮುದುಕಿಯೊಬ್ಬಳು, ಜಮಖಂಡಿ ಕಡೆಯಾಕೆ, ನನ್ನ ಕೈಗೆ ಏನೋ ತುರುಕಿದಳು. ಒಣ ರೊಟ್ಟಿಯ ಚೂರು. "ಕಡಿಯವ್ವ. ಕಡದು ಕಡದು ತಿನ್ನು." ಕಡಿದೆ. ಕಟುಂ ಅಂತ ಸಪ್ಪಳವಾಯಿತು. ಜೋಳ, ಉಪ್ಪು, ಹೊಗೆ. ವಾಸನೆ ಹಿಂದೆ ಸರಿಯಿತು. ಆಕೆ ಏನಾಯಿತೆಂದು ಕೇಳಲಿಲ್ಲ. "ಹುಡುಗಾ, ಆಚಿ ಕಡೆ ಹೊಡಿಯೋ," ಅಂದಳು, ಅಷ್ಟೆ. ಮುದುಕಿಯ ಕಾಲು ಬೊಬ್ಬೆ ಎದ್ದಿದ್ದವು. ಆತ್ಮಕೂರಿನ ತನಕ ಬಾ ಅಂತ ಗಾಡಿ ಹತ್ತಿಸಿದೆ. ನಡೆಯುವ ಹರಕೆ ಮುರಿಯಿತೇನೋ ಅಂತ ಆಕೆ ಒಂದು ತಾಸು ಒದ್ದಾಡಿ, ಆಮೇಲೆ ಗೊರಕೆ ಹೊಡೆದಳು.

ಆತ್ಮಕೂರಿನ ಆಚೆ ವೆಂಕಟಾಪುರದ ದಾಸೋಹದಲ್ಲಿ ರೊಟ್ಟಿ ಇಳಿಸಿ ಎಣಿಸಿಕೊಟ್ಟೆ. ಆರು ಸಾವಿರಕ್ಕೆ ದುಡ್ಡು, ನಾಲ್ಕು ಸಾವಿರ ಸೇವೆಗೆ. ಲೆಕ್ಕ ಲೆಕ್ಕವೇ, ಸೇವೆ ಸೇವೆಯೇ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದರೆ ಎರಡೂ ಕೆಡುತ್ತವೆ.

ಅಲ್ಲಿಂದ ನಲ್ಲಮಲ ಅಡವಿ. ಹುಲಿ ಸಂರಕ್ಷಿತ ಅರಣ್ಯ. ಶಿವರಾತ್ರಿ, ಯುಗಾದಿಗೆ ಕೆಲವು ದಿನ ಮಾತ್ರ ಈ ಕಾಲುದಾರಿ ತೆರೆಯುತ್ತಾರೆ. ನಾಗಲೂಟಿಯ ವೀರಭದ್ರನಿಗೆ ಕಾಯಿ ಒಡೆದು ಕಲ್ಲು ಮೆಟ್ಟಿಲು ಹತ್ತಿದೆವು. ಮೆಟ್ಟಿಲು ಅಂದರೆ ಎಷ್ಟೋ ತಲೆಮಾರಿನ ಕಾಲು ಸವೆಸಿದ ಬಂಡೆಗಳು. ಪೆಚ್ಚೆರುವಿನ ಕೆರೆಯ ಹತ್ತಿರ ರಾತ್ರಿ ಮಲಗಿದೆವು. ಅಮಾವಾಸ್ಯೆ ಸಮೀಪದ ಕತ್ತಲೆ. ಕೈ ಚಾಚಿದರೆ ಕೈ ಕಾಣದು. ಅಲ್ಲಿ ಅಡವಿಯ ಚೆಂಚು ಜನರ ಗೂಡೆಂ, ಅಂದರೆ ಹಾಡಿ ಇದೆ. ಮಲ್ಲಯ್ಯ ತಮ್ಮ ಹುಡುಗಿಯನ್ನು ಮದುವೆಯಾದ, ತಮ್ಮ ಅಳಿಯ ಅಂತ ಅವರ ಮಾತು. ನಮ್ಮ ಕನ್ನಡದವರದೂ ಅದೇ ಮಾತು: ಭ್ರಮರಾಂಬೆ ನಮ್ಮ ಮನೆಮಗಳು, ಆತ ಅಳಿಯ. ಅದಕ್ಕೇ ಯುಗಾದಿಗೆ ಸೀರೆ, ಖಣ, ಅರಿಷಿಣ-ಕುಂಕುಮ ಹೊತ್ತು ತವರಿನವರು ಹೋಗುವುದು. ಇಷ್ಟು ಮಂದಿ ಅತ್ತೆ-ಮಾವಂದಿರಿರುವ ಅಳಿಯ ಗುಡ್ಡ ಹತ್ತಿ ಕೂತದ್ದರಲ್ಲಿ ಆಶ್ಚರ್ಯವಿಲ್ಲ ಅಂತ ಮುದುಕಿ ಕತ್ತಲಲ್ಲೇ ನಕ್ಕಳು.

ಆ ಕತ್ತಲಲ್ಲೇ ನಾನು ಆಕೆಗೆ ಖಣದ ವಿಷಯ ಹೇಳಿದೆ. ಒಯ್ಯುತ್ತಿದ್ದೇನೆ, ಆದರೆ ನಾನು ಕೊಡಬಹುದೋ ಇಲ್ಲವೋ, ನಿನ್ನ ಕೈಲಿ ಕೊಡಿಸಲೇ ಅಂತ ಕೇಳಿದೆ. ಬಹಳ ಹೊತ್ತು ಮಾತಿಲ್ಲ. ಮಲಗಿತೇನೋ ಅಂದುಕೊಂಡೆ.

"ನಿಂಗ ಹೆಣ್ಣಮಗಳೈತೇನು?"

"ಐತಿ. ಪಿಯುಸಿ ಓದತೈತಿ."

"ನಾಳೆ ಆಕಿ ಬಸುರಾದ್ರ ಉಡಿ ತುಂಬಾಕ ಓಣಿಯವರನ್ನ ಕೇಳತಿಯೇನು?" ಅಂದು ಆ ಕಡೆ ಹೊರಳಿದಳು.

ಮರುದಿನದ ಭೀಮನ ಕೊಳ್ಳದ ಬಗ್ಗೆ ಹೆಚ್ಚು ಬರೆಯಲಾರೆ. ಇಳಿಯುವಾಗ ಮೊಣಕಾಲು, ಏರುವಾಗ ಎದೆ ಎರಡೂ ನನ್ನ ಮಾತು ಕೇಳಲಿಲ್ಲ. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವಳಾದ ಮುದುಕಿ ಮುಂದೆ, ನಾನು ಹಿಂದೆ. ಕೈಲಾಸ ಬಾಗಿಲು ಬಂದಾಗ ಯಾರೋ ಅಕ್ಕಮಹಾದೇವಿಯ ವಚನ ಹಾಡುತ್ತಿದ್ದರು. ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯ ಹೆಣ್ಣೊಬ್ಬಳು ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಈ ಅಡವಿಗೆ ಒಬ್ಬಳೇ ಬಂದಳಲ್ಲ. ದಾಸೋಹವೂ ಇಲ್ಲದೆ, ದಾರಿಯೂ ಇಲ್ಲದೆ. ಆಕೆಯ ಗವಿಗೆ ಪಾತಾಳಗಂಗೆಯಿಂದ ಕೃಷ್ಣೆಯಲ್ಲಿ ಬೋಟಿನಲ್ಲಿ ಹೋಗಬೇಕು. ಆ ನೂಕುನುಗ್ಗಲಿನಲ್ಲಿ ನಮಗೆ ಬೋಟು ಸಿಗಲಿಲ್ಲ.

ಯುಗಾದಿಯ ದಿನ ಪಾಳಿಯಲ್ಲಿ ಆರು ತಾಸು. ಮಲ್ಲಯ್ಯನ ದರ್ಶನ ಒಂದು ಉಸಿರಿನಷ್ಟು. ಅಮ್ಮನವರ ಗುಡಿ ಹಿಂದೆ, ಮೆಟ್ಟಿಲು ಹತ್ತಿ ಹೋಗಬೇಕು. ಅಲ್ಲಿ ಎಲ್ಲಿ ನೋಡಿದರೂ ಇಳಕಲ್ ಸೆರಗಿನ ಕೆಂಪು. ಟವೆಲು ಬಿಚ್ಚಿ ಖಣ ತೆಗೆದೆ. ಅಕ್ಕಿ, ಒಣಕೊಬ್ಬರಿ ಬಟ್ಟಲು, ಐದು ಉತ್ತತ್ತಿ, ಅಡಿಕೆ, ಅರಿಷಿಣ ಕೊಂಬು ಅದರಲ್ಲಿಟ್ಟೆ. ಕೈ ನಡುಗಿ ಒಂದು ಉತ್ತತ್ತಿ ಉರುಳಿತು. ಯಾರೋ ಎತ್ತಿಕೊಟ್ಟರು, ನನ್ನ ಹಣೆಯನ್ನು ನೋಡಲಿಲ್ಲ. ಪೂಜಾರಿ ತೆಗೆದುಕೊಂಡು ತೆಲುಗಿನಲ್ಲಿ ಏನೋ ಅಂದು ಮುಂದಿನವರ ಕಡೆ ತಿರುಗಿದ. ಇಷ್ಟೇ. ಏಳು ವರ್ಷ ಅಂಜಿದ್ದು ಇಷ್ಟಕ್ಕೆ.

ಮುದುಕಿ ಒಂದು ಡಜನ್ ಹಸಿರು ಬಳೆ ಅರ್ಪಿಸಿದ್ದಳು. ಅರ್ಧ ಪ್ರಸಾದವಾಗಿ ತಿರುಗಿ ಬಂದಿತ್ತು. ಹೊರಗೆ ಕಟ್ಟೆಯ ಮೇಲೆ ಕೂತು ನನ್ನ ಕೈ ಎಳೆದುಕೊಂಡಳು. ಆರು ವರ್ಷ ರೊಟ್ಟಿ ಬಡಿದು ಅಂಗೈ ಅಗಲವಾಗಿತ್ತು, ಬಳೆ ಏರಲೊಲ್ಲದು. ಕೊಬ್ಬರಿ ಎಣ್ಣೆ ಸವರಿ, ಹೆಬ್ಬೆರಳು ಒತ್ತಿ ಏರಿಸಿದಳು. ಎರಡು ಒಡೆದವು, ನಾಲ್ಕು ನಿಂತವು.

ಊರಿಗೆ ಬಂದಾಗ ಅತ್ತೆ ಕೈ ನೋಡಿದರು, ಏನೂ ಅನ್ನಲಿಲ್ಲ. ಓಣಿಯಲ್ಲಿ ಅಂದವರಿದ್ದಾರೆ. ಸೋಮವಾರ ಖಾನಾವಳಿಗೆ ಐನೂರು ರೊಟ್ಟಿ ಕೊಡಬೇಕಿತ್ತು. ನಸುಕಿನಲ್ಲಿ ಎಸರು ಕುದಿಯುವಾಗ, ಉಳಿದ ಹತ್ತು ಮಂದಿಯ ಜೊತೆ ನಾನೂ ಬಳೆ ಬಿಚ್ಚಿ ಕಿಟಕಿಯ ಮೇಲಿಟ್ಟು, ಹಿಟ್ಟಿಗೆ ಕೈ ಹಾಕಿದೆ.