ತೋಟದಲ್ಲಿ ಯೇಸುವಿನ ಮಾತೆತ್ತುವುದಿಲ್ಲವೇ?

ಈ ಪ್ರಶ್ನೆ ನನಗೆ ಎರಡು ಕಡೆಯಿಂದಲೂ ಬರುತ್ತದೆ. ಭಾನುವಾರದ ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರು ಬಾಗಿಲಲ್ಲೇ ನಿಲ್ಲಿಸುತ್ತಾರೆ: "ಅಷ್ಟು ಜನ ಆಳುಗಳ ನಡುವೆ ಇದ್ದೀರಿ, ಒಬ್ಬರಿಗಾದರೂ ಸುವಾರ್ತೆ ಹೇಳಿದ್ದೀರಾ?" ಅಮ್ಮತ್ತಿಯ ಚಹಾ ಅಂಗಡಿಯಲ್ಲಿ ಅದೇ ಪ್ರಶ್ನೆ ಮಗ್ಗುಲು ಬದಲಿಸುತ್ತದೆ: "ರೈಟರೇ, ಲೈನ್ ಮನೆಯವರನ್ನೆಲ್ಲ ನಿಮ್ಮ ಕಡೆಗೆ ಸೇರಿಸುತ್ತಿಲ್ಲ ತಾನೆ?" ಲೈನ್ ಮನೆಯೆಂದರೆ ತೋಟದ ಆಳುಗಳು ವಾಸಿಸುವ ಸಾಲುಮನೆ. ಇಬ್ಬರಿಗೂ ಉತ್ತರ ಒಂದೇ. ನನ್ನ ಹಾಜರಿ ಪುಸ್ತಕದಲ್ಲಿ ಹೆಸರಿರುವವರ ಮುಂದೆ ನಾನಾಗಿ ಧರ್ಮದ ಮಾತು ತೆಗೆಯುವುದಿಲ್ಲ. ಅವರಾಗಿ ಕೇಳಿದರೆ ಮುಚ್ಚಿಡುವುದೂ ಇಲ್ಲ. ಈ ಉತ್ತರದಿಂದ ಎರಡು ಕಡೆಯವರಿಗೂ ಸಮಾಧಾನವಾಗುವುದಿಲ್ಲ ಎನ್ನುವುದು ಬೇರೆ ಮಾತು.

ಕೊಡಗಿನ ಹೊರಗಿನವರಿಗೆ ರೈಟರ್ ಎಂದರೆ ಯಾರೆಂದು ಹೇಳಬೇಕು. ಕಾಫಿ ತೋಟದಲ್ಲಿ ಹಾಜರಿ ಬರೆಯುವವನು, ಕೊಯ್ದ ಹಣ್ಣು ತೂಗುವವನು, ವಾರದ ಬಟವಾಡೆ ಮಾಡುವವನು, ಮಗುವಿಗೆ ಜ್ವರ ಎಂದು ಮುಂಗಡ ಕೇಳಿದರೆ ಮಾಲೀಕರ ಕಿವಿಗೆ ಹಾಕುವವನು. ಇಲ್ಲಿನ ಬುಡಕಟ್ಟಿನ ಯರವರಿರಲಿ, ಅಸ್ಸಾಮಿನಿಂದ ಬಂದವರಿರಲಿ, ಅವರ ಒಲೆಯ ಮೇಲಿನ ಅನ್ನಕ್ಕೂ ನನ್ನ ಪೆನ್ನಿಗೂ ನಂಟಿದೆ. ಅಂಥವನು ಹೋಗಿ "ಯೇಸುವನ್ನು ನಂಬಿ" ಎಂದರೆ ಯಾರು ತಾನೇ ಬೇಡ ಎಂದಾರು? ತಲೆಯಾಡಿಸುತ್ತಾರೆ. ಅದು ಯೇಸುವಿಗೆ ಆಡಿಸಿದ ತಲೆಯೋ, ಬಟವಾಡೆಗೆ ಆಡಿಸಿದ ತಲೆಯೋ ನನಗೆ ತಿಳಿಯುವುದಿಲ್ಲ. ಅವರಿಗೂ ತಿಳಿದಿರಲಾರದು.

ನಮ್ಮ ಜಿಲ್ಲೆಯಲ್ಲಿ ಇದು ಹಳೆಯ ತೊಡಕು. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್, 1850ರ ದಶಕದಲ್ಲಿ ಕೊಡಗಿಗೆ ಬಂದು ಕ್ರೈಸ್ತರಾದ ದಲಿತ ಕುಟುಂಬಗಳಿಗಾಗಿ ಆನಂದಪುರದಲ್ಲಿ ನೆಲೆ ಕಟ್ಟಿದರು. ಬೇರೆ ಯಾರೂ ಮುಟ್ಟದವರನ್ನು ಅವರು ಜೊತೆಗೆ ಕೂರಿಸಿಕೊಂಡರು. ಅದರ ಬಗ್ಗೆ ನನಗೆ ಗೌರವವಿದೆ. ಆದರೆ ನೆಲವೂ ಪ್ರಾರ್ಥನೆಯೂ ಒಂದೇ ಕೈಯಿಂದ ಬಂದಾಗ ಯಾವುದಕ್ಕಾಗಿ ಬಂದರು ಎಂಬ ಅನುಮಾನ ತಲೆಮಾರುಗಟ್ಟಲೆ ಬೆನ್ನು ಬಿಡುವುದಿಲ್ಲ. ಇದಕ್ಕೂ ಹಿಂದೆ, 1792ರಲ್ಲಿ, ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ಯಾಥೊಲಿಕರಿಗೆ ದೊಡ್ಡ ವೀರರಾಜೇಂದ್ರ ವಿರಾಜಪೇಟೆಯಲ್ಲಿ ನೆಲೆ ಕೊಟ್ಟಿದ್ದ. ಲಿಂಗಾಯತ ಅರಸ, ಲಿಂಗ ಕಟ್ಟಿಕೊಳ್ಳಿ ಎನ್ನಲಿಲ್ಲ, ಇಗರ್ಜಿ ಕಟ್ಟಿಕೊಳ್ಳಲು ಬಿಟ್ಟ. ಕೊಡುವ ಕೈ ಹೇಗಿರಬೇಕು ಎಂಬ ವಿಷಯದಲ್ಲಿ ನಾನು ಮಿಷನರಿಗಿಂತ ಅರಸನ ಕಡೆಗೇ ವಾಲುತ್ತೇನೆ. ಹೀಗೆಂದರೆ ನಮ್ಮ ಹಿರಿಯರು ಹುಬ್ಬುಗಂಟಿಕ್ಕುತ್ತಾರೆ.

ಹಾಗಾದರೆ ಎಲ್ಲಾ ಜನರನ್ನೂ ಶಿಷ್ಯರನ್ನಾಗಿ ಮಾಡಿ ಎಂಬ ಮತ್ತಾಯನ ಕೊನೆಯ ಅಧ್ಯಾಯದ ಆಜ್ಞೆ ಎಲ್ಲಿ ಹೋಯಿತು? ಮೊದಲು ನಾನು ಶಿಷ್ಯನಾಗಬೇಕಲ್ಲ. ಜನವರಿಯಲ್ಲಿ ರೊಬಸ್ಟಾ ಕೊಯ್ಲಿನ ಹೊತ್ತಿಗೆ ಬಂದು ನೋಡಿ. ಸಂಜೆ ನಾಲ್ಕರ ಸುಮಾರಿಗೆ ಚೀಲ ಹೊತ್ತು ಸಾಲಾಗಿ ನಿಲ್ಲುತ್ತಾರೆ. ಬೆರಳುಗಳೆಲ್ಲ ಕಪ್ಪು, ತಲೆವಸ್ತ್ರದಲ್ಲಿ ಚಗಳಿ ಇರುವೆ. ತಕ್ಕಡಿಯ ಮುಳ್ಳು ನಲವತ್ತಮೂರೂವರೆ ದಾಟಿ ನಿಂತರೆ ನಲವತ್ತಮೂರು ಎಂದು ಬರೆಯುವುದು, ಎಲೆ-ಕಡ್ಡಿ ಇದೆಯೆಂದು ಮತ್ತೊಂದು ಕಿಲೋ ಕಳೆಯುವುದು ಎಷ್ಟೋ ಕಡೆ ನಡೆದು ಬಂದ ರೂಢಿ. ಅರ್ಧ ಕಿಲೋ ಏನು ಮಹಾ ಎನಿಸುತ್ತದೆ. ಒಂದು ಸಾಲಿಗೆ, ಒಂದು ಕೊಯ್ಲಿಗೆ ಕೂಡಿಸಿ ನೋಡಿ. ಹೊಲ ಕೊಯ್ದವರಿಂದ ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಎನ್ನುತ್ತಾನೆ ಯಾಕೋಬ, ತನ್ನ ಪತ್ರದ ಐದನೆಯ ಅಧ್ಯಾಯದಲ್ಲಿ. ಲೂಕನ ಸುವಾರ್ತೆಯ ಜಕ್ಕಾಯನೂ ನನ್ನಂತೆ ಲೆಕ್ಕದ ಮನುಷ್ಯ. ಯೇಸು ಮನೆಗೆ ಬಂದಾಗ ಅವನ ಬಾಯಿಂದ ಬಂದದ್ದು ಸ್ತೋತ್ರವಲ್ಲ, ಲೆಕ್ಕ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತದ್ದಕ್ಕೆ ನಾಲ್ಕರಷ್ಟು ವಾಪಸು. ಆದ್ದರಿಂದ ಮುಳ್ಳು ಎಲ್ಲಿ ನಿಲ್ಲುತ್ತದೋ ಅದನ್ನೇ ಬರೆಯುತ್ತೇನೆ, ಗಟ್ಟಿಯಾಗಿ ಓದಿ ಹೇಳುತ್ತೇನೆ, ಓದು ಬರುವವರಿಗೆ ಪುಸ್ತಕ ತಿರುಗಿಸಿ ತೋರಿಸುತ್ತೇನೆ.

ಇಷ್ಟಕ್ಕೇ ನಿಂತರೆ ಸಾಕು, ಬಾಯಿ ಬಿಡಬೇಕಾಗಿಲ್ಲ ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸುಮ್ಮನಿದ್ದರೆ "ರೈಟರ್ ಒಳ್ಳೆಯವನು" ಎಂಬ ಹೆಸರು ನನಗೆ ಬರುತ್ತದೆ, ಅಲ್ಲಿಗೇ ನಿಲ್ಲುತ್ತದೆ. ಕೊಯ್ಲಿನ ಸಾಲಿನಲ್ಲಿದ್ದ ಹಿರಿಯ ಹೆಂಗಸೊಬ್ಬರು ಒಮ್ಮೆ ನೇರವಾಗಿ ಕೇಳಿದರು: "ಎಲ್ಲರೂ ಕಡಿತ ಮಾಡುತ್ತಾರೆ, ನೀವೇಕೆ ಮಾಡುವುದಿಲ್ಲ ಸಾರ್?" ನಾನೆಂದೆ, "ನಾನು ನಂಬಿದ ಯೇಸುಸ್ವಾಮಿ ಈ ಪುಸ್ತಕವನ್ನೂ ನೋಡುತ್ತಾರೆ ಅಕ್ಕಾ." ಅವರು ನಕ್ಕರು, ಮುಂದಿನ ಚೀಲ ಬಂತು. ನಿಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಕೊಡಲು ಸಿದ್ಧವಾಗಿರಿ, ಆದರೆ ಮೃದುವಾಗಿ ಎನ್ನುತ್ತಾನೆ ಪೇತ್ರ. ಕೇಳುವವರಿಗೆ, ಎಂಬುದನ್ನು ಓದುವಾಗ ನಾವು ಬೇಗ ದಾಟಿಬಿಡುತ್ತೇವೆ.

ತೋಟದ ಗೇಟಿನ ಹೊರಗೆ ಈ ಕಟ್ಟಳೆ ಇಲ್ಲ. ನನ್ನ ಕೈಯಲ್ಲಿ ಕೂಲಿಯಿಲ್ಲದ ಜನರೊಡನೆ, ಬಸ್ಸಿನಲ್ಲಿ, ಪುತ್ತರಿ ಸುಗ್ಗಿಹಬ್ಬದ ಊಟಕ್ಕೆ ಕರೆದ ನೆರೆಮನೆಯಲ್ಲಿ, ಮಾತು ಬಂದರೆ ಸಂಕೋಚವಿಲ್ಲದೆ ಮಾತನಾಡುತ್ತೇನೆ. ಅವರು ಎದುರು ವಾದಿಸಬಲ್ಲರು, ಎದ್ದೂ ಹೋಗಬಲ್ಲರು. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಸಾರ ಮಾಡುವ ಹಕ್ಕು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದೆ. ನನಗೆ ಅದರಿಂದ ಬೇಸರವಿಲ್ಲ. ಮನಸ್ಸು ತಿರುಗಿಸುವುದು ಪವಿತ್ರಾತ್ಮನ ಕೆಲಸವೆಂದು ನಮ್ಮ ಸಭೆಯೇ ಕಲಿಸುತ್ತದಲ್ಲ.

ಲೈನ್ ಮನೆಯವರು ಯಾರಾದರೂ ಹೆಚ್ಚು ತಿಳಿಯಬೇಕೆಂದರೆ ಪಟ್ಟಣದ ಸಭಾಪಾಲಕರ ಮನೆ ತೋರಿಸುತ್ತೇನೆ. ಅವರಿಗೆ ತೋಟದ ಲೆಕ್ಕ ಗೊತ್ತಿಲ್ಲ. ಹೋದಿರಾ ಎಂದು ಸೋಮವಾರ ವಿಚಾರಿಸುವುದಿಲ್ಲ. ಮೇ ತಿಂಗಳಲ್ಲಿ ಬುಡಕಟ್ಟಿನವರು ಆಚರಿಸುವ ದೇವರಪುರದ ಕುಂಡೆ ಹಬ್ಬಕ್ಕೆ ಎಷ್ಟು ಮುಂಗಡ ಕೊಡಿಸುತ್ತೇನೋ ಕ್ರಿಸ್‌ಮಸ್‌ಗೂ ಅಷ್ಟೇ, ಅದೇ ಪುಟದಲ್ಲಿ, ಅದೇ ಕಂತಿನಲ್ಲಿ.