ಕಾನೂನಿನ ಪಟ್ಟಿಯಲ್ಲಿಲ್ಲದ ಸೋದರಮಾವ

ಅಪ್ಪ ತೀರಿಕೊಂಡ ಮೇಲೆ ಅವರ ಕಬ್ಬಿಣದ ಪೆಟ್ಟಿಗೆಯಲ್ಲಿ ತೋಟದ ಪಹಣಿಗಳ ಕಟ್ಟು ಸಿಕ್ಕಿತು, ಕಾಫಿ ಮಂಡಳಿಯ ಪೂಲ್ ಕಾಲದ ಚೀಟಿಗಳು ಸಿಕ್ಕವು, ತಳದಲ್ಲಿ ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ಕಂಪನಿಯ ಷೇರು ಪತ್ರವಿತ್ತು. 100 ರೂಪಾಯಿ ಮುಖಬೆಲೆಯ 150 ಷೇರುಗಳು. ಒಟ್ಟು 15,000 ರೂಪಾಯಿ. ಇಷ್ಟಕ್ಕೆ ಅಪ್ಪ ಅದನ್ನು ಬಟ್ಟೆಯಲ್ಲಿ ಸುತ್ತಿ, ಕರ್ಪೂರದ ಉಂಡೆ ಹಾಕಿ ಇಟ್ಟಿದ್ದರು.

ಅವರು ಯಾಕೆ ಹಾಗೆ ಇಟ್ಟಿದ್ದರು ಎಂದು ನನಗೆ ಗೊತ್ತಿದೆ. ಬೆಳೆದ ಕಾಫಿಯನ್ನೆಲ್ಲ ಮಂಡಳಿಗೇ ಒಪ್ಪಿಸಿ, ದುಡ್ಡು ಕಂತು ಕಂತಾಗಿ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದ ಕಾಲದವರು ಅವರು. 1996ರ ಹೊತ್ತಿಗೆ ಪೂಲ್ ವ್ಯವಸ್ಥೆ ಪೂರ್ತಿ ಹೋಗಿ ಬೆಳೆಗಾರನಿಗೆ ತನ್ನ ಕಾಫಿಯನ್ನು ತಾನೇ ಮಾರುವ ಸ್ವಾತಂತ್ರ್ಯ ಬಂತು. ಮಾರುವುದೇನೋ ಸರಿ, ಚೆರಿಯನ್ನು ಸಿಪ್ಪೆ ಬಿಡಿಸಿ, ಗಾತ್ರ ನೋಡಿ ಬೇರ್ಪಡಿಸಿ ಕೊಡುವವರು ಬೇಕಲ್ಲ? ಆ ಕೆಲಸ ಮಾಡುವ ಕಂಪನಿಯಲ್ಲಿ ನಮ್ಮಂಥ ಸಣ್ಣ ಬೆಳೆಗಾರರಿಗೂ ಪಾಲಿದೆ ಎಂಬುದು ಅಪ್ಪನಿಗೆ ದೊಡ್ಡ ಧೈರ್ಯವಾಗಿತ್ತು. ಲಾಭಾಂಶ ಬಾರದ ವರ್ಷಗಳಲ್ಲೂ ‘ನಮ್ಮ ಕಂಪನಿ’ ಎಂದೇ ಅವರು ಹೇಳುತ್ತಿದ್ದರು.

ಆ ಷೇರುಗಳು ನನ್ನ ಹೆಸರಿಗೆ ಬರಲು ವರ್ಷ ಹಿಡಿಯಿತು. ಷೇರು ಮಾರುಕಟ್ಟೆಯಲ್ಲಿ ಇಲ್ಲದ ಪಬ್ಲಿಕ್ ಕಂಪನಿಗಳ ಷೇರುಗಳನ್ನೂ 2018ರ ಅಕ್ಟೋಬರ್ ನಂತರ ಡಿಮ್ಯಾಟ್ ಮಾಡಿಸದೆ, ಅಂದರೆ ಕಾಗದದ ಪತ್ರವನ್ನು ಎಲೆಕ್ಟ್ರಾನಿಕ್ ರೂಪಕ್ಕೆ ತರದೆ, ಮತ್ತೊಬ್ಬರಿಗೆ ವರ್ಗಾಯಿಸಲಾಗದು. ಮರಣ ಪ್ರಮಾಣಪತ್ರ, ವಂಶವೃಕ್ಷ, ತಮ್ಮನ ಒಪ್ಪಿಗೆ ಪತ್ರ ಎಂದು ಆಲ್ದೂರಿನಿಂದ ಚಿಕ್ಕಮಗಳೂರಿಗೆ ಎಷ್ಟು ಸಲ ಬಸ್ ಹತ್ತಿದೆನೋ ಲೆಕ್ಕವಿಲ್ಲ. ಕೊನೆಗೊಂದು ಸೆಪ್ಟೆಂಬರ್ ಮೊದಲ ವಾರದಲ್ಲಿ, ನನ್ನ ಹೆಸರು ಬರೆದ ದಪ್ಪ ಲಕೋಟೆ ಬಂತು. ವಾರ್ಷಿಕ ಮಹಾಸಭೆಯ ನೋಟಿಸು ಮತ್ತು ವರದಿ.

ಅಪ್ಪ ಆ ವರದಿಯನ್ನು ಓದುತ್ತಿದ್ದರೋ ಇಲ್ಲವೋ, ನಾನಂತೂ ಓದಿದೆ. ಮೂರು ರಾತ್ರಿ ಓದಿದೆ. ಪಕ್ಕದ ತೋಟದಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿದ್ದಾರೆ. ಅರ್ಥವಾಗದ್ದಕ್ಕೆಲ್ಲ ಗುರುತು ಹಾಕಿಕೊಂಡು ಅವರ ಮನೆಯ ಜಗಲಿಗೆ ಹೋದೆ. ಮೊದಲು ನೋಡಬೇಕಾದದ್ದು ಲಾಭ ನಷ್ಟದ ಪಟ್ಟಿಯಲ್ಲ, ಹಿಂದಿನ ಅನುಬಂಧಗಳು ಎಂದು ಅವರೇ ತೋರಿಸಿದರು. ಸಂಬಂಧಿಕರೊಡನೆ ಕಂಪನಿ ಮಾಡಿದ ವ್ಯವಹಾರಗಳನ್ನು ಬರೆಯುವ ನಮೂನೆಯೊಂದು ಅಲ್ಲಿತ್ತು. ಅಧ್ಯಕ್ಷರ ಮಗ ಪಾಲುದಾರನಾಗಿರುವ ರಫ್ತು ಸಂಸ್ಥೆ ನಮ್ಮ ಕಂಪನಿಯಿಂದ ಕಾಫಿ ಕೊಂಡಿದೆ, ಸಂಬಂಧವೇ ಇಲ್ಲದ ಇಬ್ಬರ ನಡುವೆ ನಡೆಯುವಂತೆಯೇ ಮಾರುಕಟ್ಟೆ ದರದಲ್ಲಿ ಈ ವ್ಯಾಪಾರ ನಡೆದಿದೆ ಎಂದು ಬರೆದಿತ್ತು. ಅದನ್ನು ಓದಿ ನನಗೆ ಬೇಸರವೇನೂ ಆಗಲಿಲ್ಲ. ಮುಚ್ಚಿಡದೆ ಬರೆದಿದ್ದಾರೆ. ಬೇಕಾದವರು ದರ ಕೇಳಿ ತಾಳೆ ನೋಡಬಹುದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ವೆಚ್ಚದ ಪಟ್ಟಿಯಲ್ಲಿದ್ದ ಗೋದಾಮು ಬಾಡಿಗೆಯ ಒಂದೇ ಒಂದು ಸಾಲು. ಹಿಂದಿನ ವರ್ಷಕ್ಕಿಂತ ಎರಡು ಪಟ್ಟಿಗೂ ಹೆಚ್ಚು.

ಆ ಜನವರಿಯಲ್ಲಿ ಚೆರಿ ಮೂಟೆಗಳನ್ನು ಪಿಕಪ್ ವಾಹನದಲ್ಲಿ ಹಾಕಿಸಿಕೊಂಡು ನಾನೇ ಕಂಪನಿಗೆ ಹೋಗಿದ್ದೆ. ತೂಕವಾಗುವವರೆಗೆ ಗೋದಾಮಿನ ಬಾಗಿಲಲ್ಲಿ ನಿಂತಿದ್ದೆ. ಒಣಗಿದ ಚೆರಿಯ ಹುಳಿಗಂಪು, ಗೋಣಿಯ ದೂಳು, ಹೆಂಚಿನ ಸಂದಿಯಿಂದ ಇಳಿಯುವ ಬಿಸಿಲು. ಒಳಗಿನ ಒಂದು ಭಾಗ ಪೂರ್ತಿ ಖಾಲಿ ಇತ್ತು, ನೆಲದ ಸಿಮೆಂಟು ಕಾಣುತ್ತಿತ್ತು. ಅದೇ ಹೊತ್ತಿಗೆ ಬಂದ ಒಂದು ಲಾರಿಯನ್ನು ಕಡೂರು ರಸ್ತೆಯ ಕಡೆ ಕಳಿಸಿದರು. ಇಲ್ಲಿ ಜಾಗವಿದೆಯಲ್ಲ ಎಂದು ಹಮಾಲರೊಬ್ಬರನ್ನು ಕೇಳಿದ್ದಕ್ಕೆ, “ಕಡೂರು ರಸ್ತೆಯದು ಅಧ್ಯಕ್ಷರ ಬಾಮೈದರ ಗೋದಾಮು, ಅಮ್ಮ. ಈಗ ಎಲ್ಲ ಅಲ್ಲಿಗೇ ಹೋಗುತ್ತದೆ” ಎಂದಿದ್ದರು. ಆಗ ಕಿವಿಗೆ ಬಿದ್ದ ಮಾತು ಮನಸ್ಸಿಗೆ ಇಳಿದಿರಲಿಲ್ಲ. ಬಾಡಿಗೆಯ ಸಾಲು ಓದಿದಾಗ ಇಳಿಯಿತು.

ಬಾಮೈದರ ಹೆಸರು ಆ ಅನುಬಂಧದಲ್ಲಿ ಎಲ್ಲಿಯೂ ಇರಲಿಲ್ಲ. ಬಿಟ್ಟುಹೋಗಿರಬೇಕು ಎಂದುಕೊಂಡೆ. ನೆರೆಯವರು ತಲೆಯಾಡಿಸಿ, ಹಾಗಲ್ಲ ಎಂದರು. 2013ರ ಕಂಪನಿ ಕಾಯ್ದೆಯ ಪ್ರಕಾರ ‘ಸಂಬಂಧಿ’ ಎಂದರೆ ಗಂಡ, ಹೆಂಡತಿ, ಅವಿಭಕ್ತ ಹಿಂದೂ ಕುಟುಂಬದ ಸದಸ್ಯರು, ಆಮೇಲೆ ತಂದೆ, ತಾಯಿ, ಮಗ, ಸೊಸೆ, ಮಗಳು, ಅಳಿಯ, ಅಣ್ಣತಮ್ಮ, ಅಕ್ಕತಂಗಿ. ಪಟ್ಟಿ ಅಲ್ಲಿಗೆ ಮುಗಿಯುತ್ತದೆ. ಹೆಂಡತಿಯ ಅಣ್ಣತಮ್ಮಂದಿರು ಅದರಲ್ಲಿ ಇಲ್ಲ.

ನಾನು ಬಹಳ ಹೊತ್ತು ಸುಮ್ಮನೆ ಕೂತೆ. ನಮ್ಮ ಕಡೆ ಮಗುವಿಗೆ ಕಿವಿ ಚುಚ್ಚುವುದು ಸೋದರಮಾವನ ತೊಡೆಯ ಮೇಲೆ ಕೂರಿಸಿ. ಅಧ್ಯಕ್ಷರ ಮಗನಿಗೆ ಕಿವಿ ಚುಚ್ಚಿದ ದಿನ ನಾನು ಆ ಮನೆಯಲ್ಲಿದ್ದೆ, ನನಗೆ ಹತ್ತೋ ಹನ್ನೊಂದೋ ವರ್ಷ. ಮಗು ಚೀರಿದಾಗ ಬೆಲ್ಲ ತಿನ್ನಿಸಿ ಸಮಾಧಾನ ಮಾಡಿದ್ದು ಇದೇ ಬಾಮೈದರು. ಆ ಮಗು ಕಾನೂನಿನ ಕಣ್ಣಿಗೆ ಸಂಬಂಧಿ, ತೊಡೆ ಕೊಟ್ಟವರು ಹೊರಗಿನವರು.

ಇನ್ನೊಂದು ಕಷ್ಟವಿತ್ತು. ನಮ್ಮ ಕಂಪನಿಯ ಅಧ್ಯಕ್ಷರನ್ನು ನಾನು ಬುದ್ಧಿ ಬಂದಾಗಿನಿಂದ ‘ದೊಡ್ಡಪ್ಪ’ ಎಂದೇ ಕರೆದಿದ್ದೇನೆ. ರಕ್ತಸಂಬಂಧವಿಲ್ಲ, ಅಪ್ಪನಿಗಿಂತ ಹಿರಿಯರು ಅಷ್ಟೇ. ಅಪ್ಪನ ಕೊನೆಯ ದಿನಗಳಲ್ಲಿ ಹಾಸನದ ಆಸ್ಪತ್ರೆಗೆ ಎರಡು ಸಲ ತಮ್ಮ ಕಾರು ಕಳಿಸಿದವರು. ಅವರನ್ನು ನೂರು ಜನರ ಎದುರು ಪ್ರಶ್ನಿಸುವುದೇ? ನೆರೆಯವರು ನನ್ನನ್ನು ಒತ್ತಾಯ ಮಾಡಲಿಲ್ಲ. 2008ರ ಡಿಸೆಂಬರ್ 16ರ ಸತ್ಯಂ ಕಂಪನಿಯ ಕತೆಯನ್ನು ಮಾತ್ರ ನೆನಪಿಸಿದರು. ಅಧ್ಯಕ್ಷ ರಾಮಲಿಂಗ ರಾಜು ಅವರ ಮಕ್ಕಳ ಎರಡು ಮೇಟಾಸ್ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರ್ ಕೊಟ್ಟು ಕೊಳ್ಳಲು ನಿರ್ದೇಶಕ ಮಂಡಳಿ ಒಪ್ಪಿತ್ತು. ಹೂಡಿಕೆದಾರರು ತಿರುಗಿಬಿದ್ದರು, ಕೆಲವೇ ಗಂಟೆಗಳಲ್ಲಿ ಆ ತೀರ್ಮಾನ ರದ್ದಾಯಿತು. ಮೂರು ವಾರ ಕಳೆದು, 2009ರ ಜನವರಿ 7ರಂದು ವರ್ಷಗಟ್ಟಲೆ ಲೆಕ್ಕ ತಿದ್ದಿದ್ದನ್ನು ರಾಜು ಅವರೇ ಒಪ್ಪಿಕೊಂಡರು. “ಆ ಕಂಪನಿಯ ಒಳಗಿನ ಟೊಳ್ಳು ಯಾರಿಗೂ ಕಂಡಿರಲಿಲ್ಲ. ಮಕ್ಕಳ ಕಂಪನಿ ಎಂಬುದು ಮಾತ್ರ ಎಲ್ಲರಿಗೂ ಕಾಣುತ್ತಿತ್ತು. ಜನ ಹಿಡಿದದ್ದು ಅದನ್ನೇ” ಎಂದರು ನೆರೆಯವರು.

ನಮ್ಮ ಜಿಲ್ಲೆಯವರಿಗೆ ಅಷ್ಟು ದೂರದ ಕತೆಯೂ ಬೇಕಿರಲಿಲ್ಲ. 2019ರ ಜುಲೈ ಕೊನೆಯ ದಿನ ಚೇತನಹಳ್ಳಿಯ ತೋಟದಲ್ಲಿ ಕಾಫಿ ಡೇ ಕಟ್ಟಿದ ಸಿದ್ಧಾರ್ಥ ಅವರ ಅಂತ್ಯಕ್ರಿಯೆ ನಡೆದಾಗ ಇಲ್ಲಿನ ಎಷ್ಟು ಮನೆಗಳಲ್ಲಿ ಒಲೆ ಉರಿಯಲಿಲ್ಲ ಎಂದು ನಾನು ಬಲ್ಲೆ. ಅಷ್ಟು ಮಂದಿಗೆ ಕೆಲಸ ಕೊಟ್ಟ ಮನುಷ್ಯ ಅವರು. ಆಮೇಲೆ, ಕಾಫಿ ಡೇ ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಅವರ ಕುಟುಂಬಕ್ಕೆ ಸೇರಿದ ಎಸ್ಟೇಟ್ ಕಂಪನಿಗೆ ಹೋಗಿತ್ತು ಎಂದು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2023ರ ಜನವರಿಯ ಆದೇಶದಲ್ಲಿ ಹೇಳಿತು. ಆ ಸುದ್ದಿ ಓದಿದ ದಿನ ನಮ್ಮೂರಿನಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಪ್ರೀತಿಯೂ ಇತ್ತು, ಸಂಕಟವೂ ಇತ್ತು. ನಮ್ಮ ಗೋದಾಮಿನ ಬಾಡಿಗೆಯನ್ನು ಅದರ ಪಕ್ಕದಲ್ಲಿಟ್ಟು ತೂಗುವುದು ತಪ್ಪು. ದೊಡ್ಡಪ್ಪ ಕಳ್ಳರೆಂದು ನಾನು ಅಂದೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ. ಆದರೆ ಗೌರವ ಇರುವ ಕಡೆಯೇ ಪ್ರಶ್ನೆ ಬಾಯಿಗೆ ಬರುವುದಿಲ್ಲ ಎಂಬುದನ್ನು ಆ ದಿನಗಳಲ್ಲಿ ಕಣ್ಣಾರೆ ಕಂಡಿದ್ದೆ.

ಸಭೆ ಸೆಪ್ಟೆಂಬರ್ ಕೊನೆಯ ವಾರ, ಬೆಳಗ್ಗೆ ಹನ್ನೊಂದಕ್ಕೆ. ಮಳೆ ಬಿಟ್ಟೂ ಬಿಡದಂತೆ ಹನಿಯುತ್ತಿತ್ತು. ಹನುಮಂತಪ್ಪ ವೃತ್ತದ ಬಳಿ ಇಳಿದು ನಡೆದೇ ಹೋದೆ. ಸಭಾಂಗಣದಲ್ಲಿ ತೊಂಬತ್ತು ಜನ ಇದ್ದಿರಬಹುದು, ಅವರಲ್ಲಿ ಹೆಂಗಸರು ನಾಲ್ವರು. ಬಾಗಿಲಲ್ಲೇ ದೊಡ್ಡಪ್ಪ ಕಂಡು, “ಅಪ್ಪನ ಜಾಗಕ್ಕೆ ಬಂದೆಯಾ ಮಗಳೇ, ಒಳ್ಳೆಯದಾಯಿತು. ಊಟ ಮಾಡಿಕೊಂಡೇ ಹೋಗಬೇಕು” ಎಂದರು. ನನ್ನ ಗಂಟಲು ಅಲ್ಲಿಯೇ ಕಟ್ಟಿತು.

ನಿರ್ದೇಶಕರಿಗೆ ಹಿತಾಸಕ್ತಿ ಇರುವ ಒಪ್ಪಂದಗಳಿಗೆಂದೇ ಒಂದು ರಿಜಿಸ್ಟರ್ ಇರುತ್ತದೆ. ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅದನ್ನು ಮಹಾಸಭೆಯ ಆರಂಭದಲ್ಲಿ ಹಾಜರುಪಡಿಸಬೇಕು, ಸಭೆ ಮುಗಿಯುವವರೆಗೂ ಬಂದವರಿಗೆ ತೆರೆದಿರಬೇಕು. ಕಾರ್ಯದರ್ಶಿಯವರ ಬಳಿ ಹೋಗಿ ಕೇಳಿದೆ. ಆ ಯುವಕ ನನ್ನನ್ನೂ ವೇದಿಕೆಯನ್ನೂ ಒಮ್ಮೆ ನೋಡಿ, ಒಳಗೆ ಹೋಗಿ ತಂದುಕೊಟ್ಟ. ಇಷ್ಟು ವರ್ಷಗಳಲ್ಲಿ ಇದನ್ನು ಕೇಳಿದವರು ನೀವೇ ಮೊದಲು ಎಂದ. ರಟ್ಟು ಹೊಸದರಂತೆ ಗಟ್ಟಿಯಾಗಿತ್ತು. ಮಗನ ಸಂಸ್ಥೆಯ ಹೆಸರು ಇತ್ತು. ಗೋದಾಮಿನ ಮಾತು ಇರಲಿಲ್ಲ.

ಲೆಕ್ಕಪತ್ರ ಅಂಗೀಕಾರದ ವಿಷಯ ಬಂದಾಗ ಎದ್ದು ನಿಂತೆ. “ದೊಡ್ಡಪ್ಪ” ಎಂದು ಬಾಯಿ ತುದಿಗೆ ಬಂದದ್ದನ್ನು ನುಂಗಿ “ಅಧ್ಯಕ್ಷರೇ” ಎಂದೆ. ಐವತ್ತು ವರ್ಷದ ನನ್ನ ಜೀವನದಲ್ಲಿ ಅಷ್ಟು ಭಾರದ ಮಾತನ್ನು ನಾನು ಆಡಿರಲಿಲ್ಲ. ಅವರೂ ಚಕ್ಕನೆ ತಲೆ ಎತ್ತಿದರು.

“ನಮ್ಮ ಗೋದಾಮಿನಲ್ಲಿ ಜಾಗ ಇರುವಾಗಲೂ ಹೊರಗಿನ ಗೋದಾಮಿಗೆ ಬಾಡಿಗೆ ಕೊಟ್ಟಿದ್ದೇವೆ. ಅದು ಯಾರದು? ಬೇರೆಯವರಿಂದ ದರ ಕೇಳಿದ್ದೆವೇ? ನಿರ್ದೇಶಕ ಮಂಡಳಿಯಲ್ಲಿ ಅದು ತೀರ್ಮಾನವಾದ ದಿನ ಅಧ್ಯಕ್ಷತೆ ಯಾರದಿತ್ತು?”

ಸಭಾಂಗಣದಲ್ಲಿ ಕುರ್ಚಿಗಳ ಸದ್ದು ನಿಂತಿತು. ದೊಡ್ಡಪ್ಪ ಸಿಟ್ಟಾಗಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. “ನನ್ನ ಬಾಮೈದನದು. ಯಾರಿಗೆ ಗೊತ್ತಿಲ್ಲ ಅದು? ಆದರೆ ಕಾಯ್ದೆಯ ಪ್ರಕಾರ ಬಾಮೈದ ಸಂಬಂಧಿಯಲ್ಲ. ಲೆಕ್ಕಪರಿಶೋಧಕರನ್ನು ಕೇಳಿಯೇ ಮಾಡಿದ್ದೇವೆ. ಮಳೆಗಾಲಕ್ಕೆ ಒಳ್ಳೆಯ ಗೋದಾಮು ಬೇಕಿತ್ತು, ಮಾಡಿದೆವು” ಎಂದರು.

“ಕಾಯ್ದೆ ಹೇಳಿದ್ದು ಒಪ್ಪಿದೆ. ಬರೆಯಲೇಬೇಕೆಂದು ಕಾಯ್ದೆ ಹೇಳದಿದ್ದರೆ ಬರೆಯಬಾರದೆಂದೂ ಹೇಳಿಲ್ಲ. ದರ ಸರಿಯಾಗಿದ್ದರೆ ನಮಗೆ ಹೇಳಲು ತೊಂದರೆ ಏನು?” ಎಂದು ಕೇಳಿದೆ. ದನಿ ನಡುಗುತ್ತಿತ್ತು. ಹಿಂದಿನಿಂದ ಯಾರೋ, “ನಿಮ್ಮಪ್ಪ ಇದ್ದಿದ್ದರೆ ಹೀಗೆ ಕೇಳುತ್ತಿರಲಿಲ್ಲ, ಕೂತುಕೋ ಅಮ್ಮ” ಎಂದರು. ಅದಕ್ಕೆ ನಾನು ಉತ್ತರ ಕೊಡಲಿಲ್ಲ. ನಿಜವಾಗಿ ಕೇಳುತ್ತಿದ್ದರೋ ಇಲ್ಲವೋ ನನಗೂ ತಿಳಿಯದು.

ಆಗ ಮಲ್ಲಂದೂರು ಕಡೆಯ ಹಿರಿಯರೊಬ್ಬರು ಊರುಗೋಲು ಊರಿ ನಿಂತರು. ಅವರ ಮುಖ ಮಾತ್ರ ಪರಿಚಯ, ಅದುವರೆಗೆ ಮಾತಾಡಿದವರಲ್ಲ. “ಹುಡುಗಿ ಕೇಳಿದ್ದರಲ್ಲಿ ತಪ್ಪಿಲ್ಲ. ಖಾಲಿ ಗೋದಾಮನ್ನು ನಾನೂ ನೋಡಿದ್ದೇನೆ. ಉತ್ತರ ಬರಲಿ” ಎಂದಷ್ಟೇ ಹೇಳಿ ಕೂತರು.

ಉತ್ತರ ಬರಲಿಲ್ಲ. ಮಂಡಳಿಯಲ್ಲಿ ಚರ್ಚಿಸುತ್ತೇವೆ ಎಂದರು. ಕೈ ಎತ್ತಿಸಿ ಲೆಕ್ಕಪತ್ರ ಅಂಗೀಕರಿಸಿದರು. ವಿರುದ್ಧ ಎಂದಾಗ ಮೂರು ಕೈ: ನನ್ನದು, ಆ ಹಿರಿಯರದು, ಕಿಟಕಿಯ ಬಳಿ ಕೂತಿದ್ದ ಮತ್ತೊಬ್ಬರದು. ಷೇರಿನ ಲೆಕ್ಕದಲ್ಲಿ ಮತ ಎಣಿಸಿ ಎಂದು ಕೇಳಬೇಕಾದರೆ ಒಟ್ಟು ಮತಬಲದ ಹತ್ತನೇ ಒಂದು ಭಾಗವೋ ಪಾವತಿಯಾದ 5 ಲಕ್ಷ ರೂಪಾಯಿ ಮೊತ್ತದ ಷೇರುಗಳೋ ಇರಬೇಕು. ನಮ್ಮಲ್ಲಿ ಅಂದರೆ 5,000 ಷೇರು. ನನ್ನ ಬಳಿ 150.

ಊಟಕ್ಕೆ ಕೂರದೆ ಹೊರಟಿದ್ದೆ. ದೊಡ್ಡಪ್ಪ ತಾವೇ ಬಂದು ಕೈ ಹಿಡಿದು ಎಲೆಯ ಮುಂದೆ ಕೂರಿಸಿದರು. ಒಂದು ಮಾತೂ ಆಡಲಿಲ್ಲ. ಪಾಯಸ ಬಡಿಸುವವರನ್ನು ಕರೆದು ನನ್ನ ಎಲೆ ತೋರಿಸಿದರು. ನಾನು ತಿಂದೆ. ಕಣ್ಣು ತುಂಬಿದ್ದು ಪಕ್ಕದವರಿಗೆ ಕಂಡಿರಬೇಕು.

ನವೆಂಬರಿನಲ್ಲಿ ಸಭೆಯ ನಡವಳಿಯ ಪ್ರತಿ ಬೇಕೆಂದು ಶುಲ್ಕ ಕಟ್ಟಿ ಅರ್ಜಿ ಕೊಟ್ಟೆ. ಮಹಾಸಭೆಯ ನಡವಳಿಯನ್ನು ಕೇಳಿದ ಸದಸ್ಯರಿಗೆ ಏಳು ಕೆಲಸದ ದಿನಗಳಲ್ಲಿ ಕೊಡಬೇಕು, ಕೊಟ್ಟರು. ನನ್ನ ಮಾತು ಅದರಲ್ಲಿ ಒಂದೂವರೆ ಸಾಲಾಗಿತ್ತು: ಸದಸ್ಯರೊಬ್ಬರು ಬಾಡಿಗೆಯ ಬಗ್ಗೆ ವಿವರಣೆ ಕೋರಿದರು, ಅಧ್ಯಕ್ಷರು ಸಮರ್ಪಕ ಉತ್ತರ ನೀಡಿದರು.

‘ಸಮರ್ಪಕ’ ಎಂಬ ಆ ಒಂದು ಪದಕ್ಕೆ ನಾನು ಆಕ್ಷೇಪ ಬರೆದೆ. ಗೋದಾಮು ಯಾರದೆಂದು ಅಧ್ಯಕ್ಷರೇ ಹೇಳಿದ್ದನ್ನು ದಾಖಲಿಸಬೇಕು, ದರಪಟ್ಟಿ ಕೇಳಿದ್ದನ್ನು ಸೇರಿಸಬೇಕು ಎಂದು ಬರೆದು, ಕೆಳಗೆ ನನ್ನೊಡನೆ ವಿರುದ್ಧ ಕೈ ಎತ್ತಿದ್ದ ಆ ಇಬ್ಬರ ಸಹಿಯನ್ನೂ ಹಾಕಿಸಿ ನೋಂದಾಯಿತ ಅಂಚೆಯಲ್ಲಿ ಕಳಿಸಿದೆ. ಅಂಚೆಯ ರಸೀದಿ ಈಗ ಅಪ್ಪನ ಪೆಟ್ಟಿಗೆಯಲ್ಲಿ, ಹಳೆಯ ಪೂಲ್ ಚೀಟಿಗಳ ಜೊತೆಗಿದೆ.

ಉತ್ತರ ಇನ್ನೂ ಬಂದಿಲ್ಲ. ಮತ ಎಣಿಸಿದರೂ ನಾವು ಸೋಲುತ್ತೇವೆ ಎಂದು ನನಗೆ ಗೊತ್ತು, ದೊಡ್ಡ ಕಟ್ಟು ಷೇರುಗಳೆಲ್ಲ ಅಧ್ಯಕ್ಷರ ಕಡೆಯವರ ಮನೆಗಳಲ್ಲಿವೆ. ಆದರೆ ಎಷ್ಟು ಷೇರುಗಳು ವಿರುದ್ಧ ಇದ್ದವು ಎಂಬ ಸಂಖ್ಯೆಯನ್ನು ಯಾರೂ ‘ಸಮರ್ಪಕ’ ಎಂದು ಬರೆದು ಮುಗಿಸಲಾಗದು. ಕಾಫಿ ಕೊಯ್ಲು ಮುಗಿದ ಮೇಲೆ ಮಲ್ಲಂದೂರಿನ ಹಿರಿಯರ ಜೊತೆ ಅಪ್ಪನ ಕಾಲದ ಷೇರುದಾರರ ಮನೆಗಳಿಗೆ ಹೋಗಲು ಶುರು ಮಾಡಿದ್ದೇನೆ. ಕೆಲವರ ಪತ್ರಗಳು ಇನ್ನೂ ತೀರಿಹೋದವರ ಹೆಸರಿನಲ್ಲೇ ಇವೆ, ಅವನ್ನು ಮಕ್ಕಳ ಹೆಸರಿಗೆ ಮಾಡಿಸುವ ದಾರಿಯನ್ನೂ ಹೇಳಿಕೊಡುತ್ತೇನೆ. ಕಳೆದ ಭಾನುವಾರದವರೆಗೆ ನಮ್ಮ ಲೆಕ್ಕ 2,300 ಷೇರುಗಳಿಗೆ ಬಂದು ನಿಂತಿದೆ. ಈ ಭಾನುವಾರ ಮೂಡಿಗೆರೆ ಕಡೆ ಹೋಗುತ್ತಿದ್ದೇವೆ.